ಹಿಪ್ ಆಪರೇಷನ್ನಿಗೆ ಮುಂಚಿನ ಎಕ್ಸ್‌ರೇ: ಚೆಂಡು ಎಲ್ಲಿಡಬೇಕು, ಕಾಲು ಹೇಗೆ ತಿರುಗಿಸಬೇಕು

ಹೋದ ತಿಂಗಳು ಆಲೂರು ಕಡೆಯ ಒಬ್ಬರು ತಮ್ಮ ತಾಯಿಯನ್ನು ನಮ್ಮ ಎಕ್ಸ್‌ರೇ ರೂಮಿಗೆ ಕರೆದುಕೊಂಡು ಬಂದರು. ಅಜ್ಜಿಗೆ ಬಲಗಡೆ ಸೊಂಟದ ಕೀಲು ಪೂರ್ತಿ ಸವೆದಿದೆ. ಬೆಂಗಳೂರಿನ ಡಾಕ್ಟರ್ ಸಣ್ಣ ಗಾಯದಲ್ಲೇ ಕೀಲು ಬದಲಾಯಿಸೋಣ ಎಂದಿದ್ದಾರೆ. ಅದಕ್ಕೆ ಮುಂಚೆ ಅಳತೆಗೆಂದು ಸ್ಟೀಲ್ ಚೆಂಡು ಇಟ್ಟು ತೆಗೆದ ಎಕ್ಸ್‌ರೇ ಬೇಕು ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಮಗನ ಕೈಯಲ್ಲಿ ಮೂರು ತಿಂಗಳ ಹಿಂದಿನ ಎಕ್ಸ್‌ರೇ ಇತ್ತು. "ಇದರಲ್ಲೇ ಮೂಳೆ ಚೆನ್ನಾಗಿ ಕಾಣ್ತಿದೆಯಲ್ಲ ಸಾರ್, ಮತ್ತೆ ಇನ್ನೊಂದು ಯಾಕೆ?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ಅವರಿಗೆ ಹತ್ತು ನಿಮಿಷ ನಿಂತು ವಿವರಿಸಿದೆ. ಆಗ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಹಾಸನ, ಚಿಕ್ಕಮಗಳೂರು ಕಡೆ ಎಕ್ಸ್‌ರೇ ತೆಗೆಯುವ ನನ್ನಂಥ ಟೆಕ್ನಿಷಿಯನ್‌ಗಳಿಗೆ ಇದು ಬೇಕು. ಮನೆಯಲ್ಲಿ ಯಾರಿಗಾದರೂ ಹಿಪ್ ಆಪರೇಷನ್ ನಿಗದಿಯಾಗಿದ್ದರೆ ನೀವೂ ಓದಿ, ಏನು ಕೇಳಬೇಕು ಎಂದು ತಿಳಿಯುತ್ತದೆ.

ಒಂದೇ ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಮಾಡುವ ಪ್ಲಾನ್ ಎಷ್ಟು ಸರಿ ಬರುತ್ತದೆ ಎನ್ನುವುದು ಬಹುಪಾಲು ಎಕ್ಸ್‌ರೇ ಟೇಬಲ್ಲಿನ ಮೇಲೆಯೇ ತೀರ್ಮಾನವಾಗುತ್ತದೆ. ಟ್ರಾಮಾಕ್ಯಾಡ್, ಮೆಡಿಕ್ಯಾಡ್, ಆರ್ಥೋವ್ಯೂ, ಯಾವ ಸಾಫ್ಟ್‌ವೇರ್ ಇದ್ದರೂ ಅದು ಮಾಡುವುದು ಲೆಕ್ಕ ಮಾತ್ರ. ಲೆಕ್ಕಕ್ಕೆ ಬೇಕಾದ ಅಳತೆ ಕೊಡುವವರು ನಾವು.

ಪ್ಲಾನ್ ಅಂದರೆ ಏನು, ಸಣ್ಣ ಗಾಯಕ್ಕೆ ಅದು ಯಾಕೆ ಜಾಸ್ತಿ ಬೇಕು

ಸೊಂಟದ ಕೀಲಿನಲ್ಲಿ ಒಂದು ಬಟ್ಟಲು ಇದೆ, ಅದರೊಳಗೆ ತೊಡೆ ಮೂಳೆಯ ಉಂಡೆ ಕೂರುತ್ತದೆ. ಆಪರೇಷನ್ನಿನಲ್ಲಿ ಬಟ್ಟಲಿಗೆ ಲೋಹದ ಕಪ್ ಕೂರಿಸುತ್ತಾರೆ, ತೊಡೆ ಮೂಳೆಯೊಳಗೆ ಸ್ಟೆಮ್ ಎಂಬ ಲೋಹದ ಕಂಬಿ ಇಳಿಸುತ್ತಾರೆ, ಅದರ ತುದಿಗೆ ಹೊಸ ಉಂಡೆ. ಕಪ್‌ಗಳು ಸಾಮಾನ್ಯವಾಗಿ 2 ಮಿ.ಮೀ. ಅಂತರದಲ್ಲಿ ಬರುತ್ತವೆ: 48, 50, 52, ಹೀಗೆ. ಯಾವ ಸೈಜ್ ಬೇಕು, ಉಂಡೆಯ ಕೆಳಗಿನ ಕತ್ತನ್ನು ಎಲ್ಲಿ ಕತ್ತರಿಸಬೇಕು, ಎರಡು ಕಾಲೂ ಸಮ ಬರಲು ಎಷ್ಟು ಉದ್ದ ಕೊಡಬೇಕು ಎಂದು ಮುಂಚೆಯೇ ಎಕ್ಸ್‌ರೇ ಮೇಲೆ ಗುರುತು ಹಾಕಿಕೊಳ್ಳುವುದೇ ಪ್ಲಾನಿಂಗ್. ಮೊದಲು ಇದಕ್ಕೆ ಕಂಪನಿಯವರು ಕೊಡುತ್ತಿದ್ದ ಪಾರದರ್ಶಕ ಹಾಳೆಗಳಿದ್ದವು. ಫಿಲಂ ಮೇಲೆ ಹಾಳೆ ಇಟ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ಹಾಳೆಗಳನ್ನು ಶೇ. 115 ಅಥವಾ 120 ಅಂತ ಒಂದು ಅಂದಾಜಿನ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಿದ್ದರು.

ಹಳೇ ರೀತಿಯ ಆಪರೇಷನ್ನಿನಲ್ಲಿ ಗಾಯ 15 ರಿಂದ 20 ಸೆಂ.ಮೀ., ಕೆಲವೊಮ್ಮೆ ಇನ್ನೂ ಉದ್ದ. ಈಗ ಸಣ್ಣ ಗಾಯದ್ದು 8 ರಿಂದ 10 ಸೆಂ.ಮೀ. ಇರುತ್ತದೆ. ಮುಂಭಾಗದಿಂದ ಹೋಗುವ ವಿಧಾನದಲ್ಲಿ ಸ್ನಾಯು ಕತ್ತರಿಸದೆ ಎರಡು ಸ್ನಾಯುಗಳ ಮಧ್ಯದ ಸಂದಿಯಲ್ಲೇ ಒಳಗೆ ಹೋಗುತ್ತಾರೆ. ರೋಗಿಗೆ ಒಳ್ಳೆಯದು, ಬೇಗ ಎದ್ದು ಓಡಾಡುತ್ತಾರೆ. ಆದರೆ ಡಾಕ್ಟರಿಗೆ ಕಾಣುವ ಜಾಗವೂ ಚಿಕ್ಕದಾಯಿತು ಅಲ್ವಾ? ಮೂಳೆ ಪೂರ್ತಿ ಬಿಚ್ಚಿ ಕಣ್ಣಿನಿಂದ ಅಂದಾಜು ಮಾಡುವ ಅವಕಾಶ ಕಡಿಮೆ. ಹಾಗಾಗಿ ಅವರು ಪ್ಲಾನನ್ನು ಜಾಸ್ತಿ ನೆಚ್ಚುತ್ತಾರೆ. ಸ್ಟೆಮ್ ಸಣ್ಣದಾದರೆ ಮೂಳೆಯೊಳಗೆ ಕುಸಿಯುತ್ತದೆ ಅಥವಾ ಸಡಿಲವಾಗುತ್ತದೆ. ದೊಡ್ಡದನ್ನು ಬಲವಂತವಾಗಿ ಇಳಿಸಿದರೆ ತೊಡೆ ಮೂಳೆ ಸೀಳಬಹುದು. ವಯಸ್ಸಾದ ಹೆಂಗಸರ ಟೊಳ್ಳು ಮೂಳೆಯಲ್ಲಿ ಈ ಭಯ ಇನ್ನೂ ಜಾಸ್ತಿ.

ದೊಡ್ಡದಾಗಿ ಕಾಣುವುದರ ಲೆಕ್ಕ

ಗೋಡೆಯಿಂದ ಸ್ವಲ್ಪ ದೂರ ಕೈ ಹಿಡಿದು ಹಿಂದೆ ಟಾರ್ಚ್ ಬಿಟ್ಟರೆ ನೆರಳು ಕೈಗಿಂತ ದೊಡ್ಡದಾಗಿ ಬೀಳುತ್ತದೆ. ಎಕ್ಸ್‌ರೇಯೂ ನೆರಳೇ. ಮೂಳೆ ಡಿಟೆಕ್ಟರಿನಿಂದ, ಅಂದರೆ ಕೆಳಗೆ ಚಿತ್ರ ಹಿಡಿಯುವ ಫಲಕದಿಂದ, ಎಷ್ಟು ಮೇಲಿದೆಯೋ ಅಷ್ಟು ದೊಡ್ಡದಾಗಿ ಕಾಣುತ್ತದೆ.

ಲೆಕ್ಕ ಸುಲಭ. ಎಕ್ಸ್‌ರೇ ಹೊರಡುವ ಟ್ಯೂಬಿನಿಂದ ಡಿಟೆಕ್ಟರಿಗೆ 100 ಸೆಂ.ಮೀ. ಇದೆ, ಸೊಂಟದ ಕೀಲು ಡಿಟೆಕ್ಟರಿನಿಂದ 15 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ನೂರನ್ನು 85ರಿಂದ ಭಾಗಿಸಿ. 1.176 ಬರುತ್ತದೆ. ಅಂದರೆ ನಿಜವಾಗಿ 50 ಮಿ.ಮೀ. ಇರುವ ಬಟ್ಟಲು ಚಿತ್ರದಲ್ಲಿ 58.8 ಮಿ.ಮೀ. ಕಾಣುತ್ತದೆ. ತೆಳ್ಳಗಿನ ಅಜ್ಜಿಯಾದರೆ ಕೀಲು ಡಿಟೆಕ್ಟರಿಗೆ ಹತ್ತಿರ ಇರುತ್ತದೆ, ಶೇ. 115 ಬರಬಹುದು. ದಪ್ಪ ಮೈಯವರಿಗೆ 125 ಬರಬಹುದು. ಎಲ್ಲರಿಗೂ 120 ಎಂದು ಹಾಕಿಬಿಟ್ಟರೆ ಒಬ್ಬರಿಗೆ ಒಂದು ಸೈಜ್ ಚಿಕ್ಕದಾಗಿ, ಇನ್ನೊಬ್ಬರಿಗೆ ಒಂದು ಸೈಜ್ ದೊಡ್ಡದಾಗಿ ಬರುತ್ತದೆ.

ಅದಕ್ಕೇ ಚೆಂಡು. ಗಾತ್ರ ಗೊತ್ತಿರುವ, ಸಾಮಾನ್ಯವಾಗಿ 25 ಮಿ.ಮೀ. ವ್ಯಾಸದ ಸ್ಟೀಲ್ ಗುಂಡು. ಅದನ್ನು ಕೀಲಿನ ಎತ್ತರದಲ್ಲೇ ಇಟ್ಟರೆ ಕೀಲು ಎಷ್ಟು ಹಿಗ್ಗಿ ಕಾಣುತ್ತದೋ ಚೆಂಡೂ ಅಷ್ಟೇ ಹಿಗ್ಗುತ್ತದೆ. ಚಿತ್ರದಲ್ಲಿ ಚೆಂಡು 29.4 ಇದ್ದರೆ ಸಾಫ್ಟ್‌ವೇರ್ ಅದನ್ನು 25 ಎಂದು ತಿದ್ದಿ, ಜೊತೆಗೆ ಮೂಳೆಯನ್ನೂ ತಿದ್ದಿಕೊಳ್ಳುತ್ತದೆ.

ಇಲ್ಲೇ ನಾನು ತಪ್ಪು ಮಾಡಿದ್ದು. ಕೆಲಸಕ್ಕೆ ಸೇರಿದ ಹೊಸತು. ಬೇರೆ ಒಂದು ಸೆಂಟರಿನಲ್ಲಿದ್ದೆ. ಚೆಂಡು ಇಡಿ ಎಂದರು, ಇಟ್ಟೆ. ಎಲ್ಲಿ ಇಡಬೇಕು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೇಬಲ್ಲಿನ ಮೇಲೆ ತೊಡೆ ಪಕ್ಕದಲ್ಲಿ ಇಟ್ಟುಬಿಟ್ಟೆ. ಎರಡು ವಾರದ ನಂತರ ಆಪರೇಷನ್ ಮಾಡಿದ ಡಾಕ್ಟರ್ ಫೋನ್ ಮಾಡಿದರು. ಪ್ಲಾನಿನಲ್ಲಿ 54 ಬಂದಿತ್ತಂತೆ, ಒಳಗೆ ಕೂತದ್ದು 50. "ಚೆಂಡು ಎಲ್ಲಿ ಇಟ್ಟಿದ್ರಪ್ಪಾ?" ಎಂದು ಕೇಳಿದರು. ಬೈಯಲಿಲ್ಲ. ಅವರ ಹತ್ತಿರ ಎಲ್ಲಾ ಸೈಜೂ ಇದ್ದದ್ದರಿಂದ ರೋಗಿಗೆ ತೊಂದರೆ ಆಗಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೂತು ಲೆಕ್ಕ ಹಾಕಿದೆ. ಟೇಬಲ್ ಹಲಗೆ ಡಿಟೆಕ್ಟರಿನಿಂದ 6 ಸೆಂ.ಮೀ. ಮೇಲೆ, ಅದರ ಮೇಲೆ ಚೆಂಡಿನ ನಡು 1.25 ಸೆಂ.ಮೀ. ಚೆಂಡು ಶೇ. 108ರಷ್ಟು ಮಾತ್ರ ಹಿಗ್ಗಿದೆ, ಕೀಲು 118ರ ಹತ್ತಿರ ಹಿಗ್ಗಿದೆ. 58.8ನ್ನು 1.08ರಿಂದ ಭಾಗಿಸಿದರೆ 54 ದಾಟುತ್ತದೆ. ಡಾಕ್ಟರ್ ಹೇಳಿದ ತಪ್ಪು ನನ್ನ ಲೆಕ್ಕದಲ್ಲಿ ಹಾಗೇ ಸಿಕ್ಕಿತು. ಎರಡು ಸೈಜ್ ವ್ಯತ್ಯಾಸ, ಸಾಫ್ಟ್‌ವೇರಿನ ತಪ್ಪು ಇದರಲ್ಲಿ ಒಂದು ಚೂರೂ ಇರಲಿಲ್ಲ.

ಚೆಂಡು ಬೇಕಾದ ಎತ್ತರಕ್ಕಿಂತ 1 ಸೆಂ.ಮೀ. ಮೇಲಾದರೆ ಕಪ್ಪಿನ ಲೆಕ್ಕ ಸುಮಾರು ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ತಪ್ಪುತ್ತದೆ. ಅದು ನಡೆಯುತ್ತದೆ. 3 ಸೆಂ.ಮೀ. ತಪ್ಪಿದರೆ ಪೂರ್ತಿ ಒಂದು ಸೈಜ್ ಹೋಯಿತು. ಚೆಂಡು ಮೇಲಾದರೆ ಪ್ಲಾನ್ ಚಿಕ್ಕದು ತೋರಿಸುತ್ತದೆ, ಕೆಳಗಾದರೆ ದೊಡ್ಡದು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಚೆಂಡು ತರುವುದು, ಇಡುವುದು

ಕಂಪನಿಯವರೇ ಮಾಡಿದ ಅಳತೆಯ ಚೆಂಡು (ಮಾರ್ಕರ್) ಸಿಕ್ಕರೆ ಸಂತೋಷ. ಸಿಗದಿದ್ದರೆ ಬೇರಿಂಗ್ ಅಂಗಡಿಯ ಸ್ಟೀಲ್ ಗುಂಡು ಸಾಕು. ಆದರೆ ಒಂದು ಎಚ್ಚರ. ಅಂಗಡಿಯಲ್ಲಿ 25 ಎಂದು ಕೊಡುವುದು ಎಷ್ಟೋ ಸಲ 1 ಇಂಚಿನದಾಗಿರುತ್ತದೆ, ಅಂದರೆ 25.4 ಮಿ.ಮೀ. ಸಾಫ್ಟ್‌ವೇರಿನಲ್ಲಿ 25 ಎಂದು ಹಾಕಿದರೆ 50ರ ಕಪ್ಪಿನಲ್ಲಿ ಮುಕ್ಕಾಲು ಮಿ.ಮೀ. ಅಲ್ಲೇ ಹೋಯಿತು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಅಳತೆಯನ್ನು ಚೆಂಡು ಹಿಡಿಸುವ ಸ್ಟ್ಯಾಂಡಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿಡಿ, ಡಾಕ್ಟರಿಗೆ ಕಳಿಸುವ ಚೀಟಿಯಲ್ಲೂ ಬರೆಯಿರಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೇರಿಂಗ್ ಗುಂಡಿಗೆ ತುಕ್ಕು ಬೇಗ ಹಿಡಿಯುತ್ತದೆ, ಒರೆಸಿ ಒಣ ಡಬ್ಬಿಯಲ್ಲಿಡಿ.

ಕೆಲವರು ನಾಣ್ಯ ಅಂಟಿಸುತ್ತಾರೆ. 10 ರೂಪಾಯಿ ನಾಣ್ಯ 27 ಮಿ.ಮೀ. ಇದೆ, ತುರ್ತಿಗೆ ಆಗುತ್ತದೆ. ಆದರೆ ನಾಣ್ಯ ಸ್ವಲ್ಪ ವಾಲಿದರೂ ಚಿತ್ರದಲ್ಲಿ ಮೊಟ್ಟೆಯಾಕಾರ ಬರುತ್ತದೆ. ಆಗ ಅದರ ಉದ್ದದ ಕಡೆಯ ಅಳತೆಯನ್ನೇ ಹಿಡಿಯಬೇಕು. ಗುಂಡಿಗೆ ಈ ತಾಪತ್ರಯ ಇಲ್ಲ.

ರೋಗಿಗೆ ಇನ್ನೊಂದು ಕಡೆ ಮೊದಲೇ ಹಿಪ್ ಆಪರೇಷನ್ ಆಗಿದ್ದರೆ? ಆಗ ನಿಮ್ಮ ಅದೃಷ್ಟ. ಹೊಸ ಉಂಡೆಗಳು 28, 32, 36 ಮಿ.ಮೀ. ಹೀಗೆ ಗೊತ್ತಿರುವ ಅಳತೆಯವು. ಕೀಲಿನ ಎತ್ತರದಲ್ಲೇ ಕೂತಿರುವ ಚೆಂಡು ಅದು. ಹಳೇ ಡಿಸ್ಚಾರ್ಜ್ ಪೇಪರ್ ನೋಡಿ ಉಂಡೆಯ ಅಳತೆ ಬರೆದು ಕಳಿಸಿ. ಅದಕ್ಕಿಂತ ನಂಬುವಂಥ ಮಾರ್ಕರ್ ಇನ್ನೊಂದಿಲ್ಲ.

ಈಗ ಇಡುವ ರೀತಿ. ತೊಡೆಯ ಮೇಲ್ಭಾಗದಲ್ಲಿ, ಪಕ್ಕಕ್ಕೆ, ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಗುಬುಟು ಇದೆಯಲ್ಲ, ಅದೇ ಗ್ರೇಟರ್ ಟ್ರೊಕ್ಯಾಂಟರ್. ಮಲಗುವಾಗ ಮಗ್ಗುಲಾದರೆ ಹಾಸಿಗೆಗೆ ಒತ್ತುವ ಮೂಳೆ. ಅದರ ಮುಂದಿನ ಅಂಚು, ಹಿಂದಿನ ಅಂಚು ಎರಡನ್ನೂ ಬೆರಳಿನಿಂದ ಮುಟ್ಟಿ ನಡುಭಾಗ ಗುರುತಿಸಿ. ಟೇಬಲ್ಲಿನಿಂದ ಅಲ್ಲಿಗೆ ಎಷ್ಟು ಎತ್ತರ ಎಂದು ಸ್ಕೇಲ್ ನಿಲ್ಲಿಸಿ ಅಳೆಯಿರಿ. ಚೆಂಡಿನ ನಡು ಅಷ್ಟೇ ಎತ್ತರಕ್ಕೆ ಬರುವ ಹಾಗೆ ಸ್ಟ್ಯಾಂಡ್ ಹೊಂದಿಸಿ. ನಾನು ಟೇಬಲ್ ಲ್ಯಾಂಪಿನ ಹಾಗೆ ಬಾಗುವ ಕತ್ತಿನ ಸ್ಟ್ಯಾಂಡ್ ಮಾಡಿಸಿಕೊಂಡಿದ್ದೇನೆ.

ಚೆಂಡನ್ನು ಎರಡು ತೊಡೆಗಳ ನಡುವೆ, ಮೇಲಕ್ಕೆ ಇಡುವುದು ನನಗೆ ಸರಿ ಕಾಣುತ್ತದೆ. ಚಿತ್ರದ ನಡುವಿಗೆ ಹತ್ತಿರ ಬರುತ್ತದೆ, ಮೂಳೆ ಮೇಲೆ ಬೀಳುವುದಿಲ್ಲ. ಹೊರಗಡೆ ಪಕ್ಕಕ್ಕೆ ಇಟ್ಟರೆ ದಪ್ಪ ಮೈಯವರಲ್ಲಿ ಚೆಂಡು ಚಿತ್ರದಿಂದಲೇ ಆಚೆ ಹೋಗುತ್ತದೆ, ಅರ್ಧ ಚೆಂಡಿನಿಂದ ಏನೂ ಅಳೆಯಲಾಗುವುದಿಲ್ಲ. ಆದರೆ ತೊಡೆ ನಡುವೆ ಎಂದರೆ ಹೆಂಗಸರಿಗೆ ಸಂಕೋಚ, ಗಂಡಸರಿಗೂ. ಮುಂಚೆಯೇ ಚೆಂಡು ತೋರಿಸಿ, ಇದು ಯಾಕೆ ಎಂದು ಹೇಳಿ. ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಬಟ್ಟೆ ಮೇಲೆಯೇ ಇಡಬಹುದು. ಎಕ್ಸ್‌ರೇ ಹೊಡೆಯುವ ಹೊತ್ತಿಗೆ ಅವರು ಹೊರಗೆ ಹೋಗಿರಲಿ.

ದಪ್ಪ ಇರುವವರಲ್ಲಿ ಟ್ರೊಕ್ಯಾಂಟರ್ ಕೈಗೆ ಸಿಗುವುದೇ ಇಲ್ಲ. ತಪ್ಪು ಜಾಸ್ತಿ ಆಗುವುದೂ ಅವರಲ್ಲೇ. ಇದಕ್ಕೆಂದೇ ಮುಂದೆ ಒಂದು, ಹಿಂದೆ ಒಂದು ಹೀಗೆ ಎರಡು ಮಾರ್ಕರ್ ಇಡುವ ವಿಧಾನ ಇದೆ. ಎರಡರ ಹಿಗ್ಗಿನಿಂದ ಕೀಲಿನ ಎತ್ತರ ಲೆಕ್ಕ ಹಾಕುತ್ತಾರೆ, ಮೂಳೆ ಮುಟ್ಟಿ ಹುಡುಕುವ ಕೆಲಸ ಇರುವುದಿಲ್ಲ. ನಿಮ್ಮಲ್ಲಿ ಅದಿಲ್ಲದಿದ್ದರೆ ಚೀಟಿಯಲ್ಲಿ "ಟ್ರೊಕ್ಯಾಂಟರ್ ಕೈಗೆ ಸಿಗಲಿಲ್ಲ, ಎತ್ತರ ಅಂದಾಜು" ಎಂದು ನೇರವಾಗಿ ಬರೆಯಿರಿ. ಡಾಕ್ಟರ್ ಸಂಶಯದಿಂದಲೇ ನೋಡುತ್ತಾರೆ, ಅದೇ ಬೇಕಾಗಿರುವುದು.

ಮಲಗಿಸುವುದು, ಕಾಲು ತಿರುಗಿಸುವುದು

ಚೆಂಡಿನಷ್ಟೇ ಮುಖ್ಯ ಇದು, ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ.

ತೊಡೆ ಮೂಳೆಯ ಕತ್ತು ನೇರ ಪಕ್ಕಕ್ಕೆ ಹೋಗುವುದಿಲ್ಲ, ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಸುಮ್ನೆ ಮಲಗಿದರೆ ಪಾದಗಳು ಹೊರಕ್ಕೆ ಬೀಳುತ್ತವೆ, ಕತ್ತು ಇನ್ನೂ ಓರೆಯಾಗುತ್ತದೆ. ಓರೆಯಾದದ್ದರ ನೆರಳು ಗಿಡ್ಡ. ಅದಕ್ಕೇ ಎರಡೂ ಪಾದಗಳನ್ನು 15 ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಬೇಕು: ಹೆಬ್ಬೆರಳುಗಳು ಒಂದಕ್ಕೊಂದು ಮುಟ್ಟುವಂತೆ, ಹಿಮ್ಮಡಿಗಳು ದೂರ. ಆಗ ಕತ್ತು ಟೇಬಲ್ಲಿಗೆ ಸಮಾಂತರ ಬರುತ್ತದೆ, ನಿಜವಾದ ಉದ್ದ ಕಾಣುತ್ತದೆ. ಟ್ರೊಕ್ಯಾಂಟರೂ ಉಂಡೆಯೂ ಒಂದೇ ಎತ್ತರಕ್ಕೆ ಬರುತ್ತವೆ, ನೀವು ಇಟ್ಟ ಚೆಂಡಿಗೂ ಅರ್ಥ ಬರುತ್ತದೆ. ಹಾಗಾಗಿ ಮೊದಲು ಕಾಲು ತಿರುಗಿಸಿ, ಆಮೇಲೆ ಚೆಂಡಿನ ಎತ್ತರ ಅಳೆಯಿರಿ. ಇದನ್ನು ಹಿಂದುಮುಂದು ಮಾಡಬೇಡಿ.

ಉಂಡೆಯ ನಡುವಿನಿಂದ ತೊಡೆ ಮೂಳೆಯ ನಡುಗೆರೆಗೆ ಇರುವ ದೂರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಕತ್ತು 30 ಡಿಗ್ರಿ ಓರೆಯಾಗಿದ್ದರೆ 40 ಮಿ.ಮೀ. ಇರುವ ಆಫ್‌ಸೆಟ್ ಚಿತ್ರದಲ್ಲಿ 35ರ ಹತ್ತಿರ ಕಾಣುತ್ತದೆ. ಡಾಕ್ಟರ್ ಅದನ್ನೇ ನಂಬಿ ಕಡಿಮೆ ಆಫ್‌ಸೆಟ್ಟಿನ ಸ್ಟೆಮ್ ಹಾಕಿದರೆ ಸೊಂಟದ ಪಕ್ಕದ ಸ್ನಾಯು ಸಡಿಲವಾಗುತ್ತದೆ. ರೋಗಿ ಆಪರೇಷನ್ ಆದಮೇಲೂ ಕುಂಟುತ್ತಾರೆ, ಕೀಲು ಜಾರುವ ಸಾಧ್ಯತೆಯೂ ಜಾಸ್ತಿ.

ಕಷ್ಟ ಏನೆಂದರೆ, ಸವೆದ ಕೀಲು ಒಳಕ್ಕೆ ತಿರುಗುವುದೇ ಇಲ್ಲ. ನೋವು. ಬಲವಂತ ಮಾಡಬೇಡಿ. "ಅಜ್ಜಿ, ಎಷ್ಟು ಆಗುತ್ತೋ ಅಷ್ಟೇ, ಉಸಿರು ಬಿಟ್ಟು ನಿಧಾನಕ್ಕೆ" ಎಂದು ಹೇಳಿ, ಪಾದದ ಆಚೆ ಮರಳಿನ ಚೀಲ ಒರಗಿಸಿ. ನೋವಿರುವ ಕಡೆ ತಿರುಗದಿದ್ದರೂ ಚೆನ್ನಾಗಿರುವ ಕಾಲನ್ನಾದರೂ ಪೂರ್ತಿ ತಿರುಗಿಸಿ. ಡಾಕ್ಟರ್ ಚೆನ್ನಾಗಿರುವ ಕಡೆಯ ಆಫ್‌ಸೆಟ್ ತೆಗೆದುಕೊಂಡು ಇನ್ನೊಂದು ಕಡೆಗೆ ಪ್ಲಾನ್ ಮಾಡುತ್ತಾರೆ. ಕಾಫಿ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು ಮೂಳೆ ಮುರಿದುಕೊಂಡು ಬಂದವರಲ್ಲಂತೂ ಮುರಿದ ಕಾಲನ್ನು ತಿರುಗಿಸಲೇಬಾರದು. ಅಲ್ಲಿ ಲೆಕ್ಕವೆಲ್ಲ ಚೆನ್ನಾಗಿರುವ ಕಾಲಿನಿಂದಲೇ.

ಕಾಲು ಮಡಚಿಕೊಂಡೇ ಗಟ್ಟಿಯಾಗಿದ್ದರೆ, ಚಪ್ಪಟೆ ಮಲಗಿಸಲು ಹೋದರೆ ಸೊಂಟವೇ ಮುಂದಕ್ಕೆ ವಾಲುತ್ತದೆ. ಆಗ ಮಂಡಿ ಕೆಳಗೆ ದಿಂಬು ಕೊಟ್ಟು, ಹಾಗೆ ತೆಗೆದಿದ್ದೇನೆ ಎಂದು ಬರೆಯಿರಿ.

ಕಿರಣದ ನಡು ಜನನಾಂಗದ ಮೇಲಿನ ಮೂಳೆ ಕೂಡುವ ಜಾಗಕ್ಕೆ ಇರಲಿ, ಹೊಟ್ಟೆಗಲ್ಲ. ಎರಡೂ ಕೀಲುಗಳ ಜೊತೆ ತೊಡೆ ಮೂಳೆಯ ಮೇಲಿನ ಮೂರನೇ ಒಂದು ಭಾಗ ಬರಬೇಕು. ಸ್ಟೆಮ್ಮಿನ ತುದಿ ಎಲ್ಲಿ ಬರುತ್ತದೆ ಎಂದು ನೋಡಲು ಅಷ್ಟು ಮೂಳೆ ಬೇಕು. ಮಾಮೂಲಿ ಸೊಂಟದ ಎಕ್ಸ್‌ರೇಯಲ್ಲಿ ಮೇಲ್ಗಡೆ ಬೆನ್ನುಮೂಳೆ ಧಾರಾಳವಾಗಿ ಬಂದಿರುತ್ತದೆ, ತೊಡೆ ಮೂಳೆ ನಾಲ್ಕು ಬೆರಳಿಗೆ ಮುಗಿದಿರುತ್ತದೆ. ಆಲೂರಿನವರ ಹಳೇ ಫಿಲಂ ಹಾಗೇ ಇತ್ತು. ಮೂಳೆ ಚೆನ್ನಾಗಿ ಕಾಣುತ್ತಿತ್ತು ನಿಜ, ಅಳೆಯಲು ಬೇಕಾದದ್ದು ಅದರಲ್ಲಿ ಇರಲಿಲ್ಲ.

ಇನ್ನು ಲೋಹ. ಉಡಿದಾರದ ತಾಯಿತ, ಸೀರೆ ಪಿನ್ನು, ಲಂಗದ ಹುಕ್ಕು ಎಲ್ಲರಿಗೂ ನೆನಪಿರುತ್ತದೆ. ನಮ್ಮ ಕಡೆಯ ಅಜ್ಜಿಯರ ಸೊಂಟದಲ್ಲಿ ಎಲೆ ಅಡಿಕೆ ಚೀಲ ಇರುತ್ತದೆ, ಅದರೊಳಗೆ ಸುಣ್ಣದ ಡಬ್ಬಿ, ಚಿಲ್ಲರೆ ಕಾಸು. ಅದು ಸರಿಯಾಗಿ ಕೀಲಿನ ಮೇಲೆ ಬರುತ್ತದೆ. ಕೇಳಿ ತೆಗೆಸಿ, ಅವರ ಮಗಳ ಕೈಗೇ ಕೊಡಿ, ಇಲ್ಲದಿದ್ದರೆ ಅಜ್ಜಿಗೆ ಅದೇ ಚಿಂತೆ.

ಕಳಿಸುವ ಮುಂಚೆ ಸ್ಕ್ರೀನಿನಲ್ಲಿ ನೋಡಿ

ಬೆನ್ನಿನ ಬಾಲದ ಮೂಳೆಯ ತುದಿ ಮುಂದಿನ ಕೂಡುಜಾಗದ ನೇರಕ್ಕೆ ಇದೆಯಾ? ಸೊಂಟದ ಮೂಳೆಯ ಕೆಳಭಾಗದ ಎರಡು ತೂತುಗಳು ಒಂದೇ ಗಾತ್ರ ಕಾಣುತ್ತಿವೆಯಾ? ಒಂದು ದೊಡ್ಡದು ಒಂದು ಸಣ್ಣದಾದರೆ ಸೊಂಟ ಹೊರಳಿದೆ. ತೊಡೆ ಮೂಳೆಯ ಒಳಗಡೆಯ ಸಣ್ಣ ಗುಬುಟು, ಲೆಸ್ಸರ್ ಟ್ರೊಕ್ಯಾಂಟರ್, ಸ್ವಲ್ಪವೇ ಕಾಣಬೇಕು. ದಪ್ಪಗೆ ಎದ್ದು ಕಂಡರೆ ಕಾಲು ಹೊರಕ್ಕೆ ತಿರುಗಿತ್ತು ಎಂದರ್ಥ. ಚೆಂಡು ಪೂರ್ತಿ ಇದೆಯಾ, ಅಂಚು ಸ್ಪಷ್ಟವಾ? ನನಗೆ ಇದಕ್ಕೆ ಅರ್ಧ ನಿಮಿಷ ಸಾಕು. ಸರಿ ಇಲ್ಲದಿದ್ದರೆ ರೋಗಿ ಟೇಬಲ್ ಮೇಲಿರುವಾಗಲೇ ಇನ್ನೊಂದು ಸಲ ತೆಗೆಯಿರಿ. ಒಂದು ಎಕ್ಸ್‌ರೇ ಜಾಸ್ತಿ ಆಗುತ್ತದೆ ಎಂದು ಮನಸ್ಸು ಹಿಂಜರಿಯುತ್ತದೆ, ಸರಿಯೇ. ಆದರೆ ತಪ್ಪು ಚಿತ್ರ ಕಳಿಸಿದರೆ ಅವರು ಬೆಂಗಳೂರಿನಿಂದ ಮತ್ತೆ ಬರಬೇಕು, ಆಗಲೂ ಇನ್ನೊಂದು ತೆಗೆಯಲೇಬೇಕು.

ಈಗ ಮನೆಯವರಿಗೆ ಒಂದು ಮಾತು. ಎಕ್ಸ್‌ರೇ ಫಿಲಂ ಫೋಟೊ ಹೊಡೆದು ವಾಟ್ಸಾಪ್ ಮಾಡಿದರೆ ಡಾಕ್ಟರಿಗೆ ಕಾಯಿಲೆ ಯಾವುದೆಂದು ತಿಳಿಯಬಹುದು. ಪ್ಲಾನ್ ಮಾಡಲು ಅದು ಆಗುವುದಿಲ್ಲ. ಮೊಬೈಲ್ ಓರೆ ಹಿಡಿದಿದ್ದರೆ ಆಕಾರವೇ ಬದಲಾಗಿರುತ್ತದೆ. ಫಿಲಂ ಅಚ್ಚು ಹಾಕುವಾಗಲೂ ಹಾಳೆಗೆ ಹಿಡಿಸಲು ಚಿತ್ರವನ್ನು ಕುಗ್ಗಿಸಿರುತ್ತಾರೆ. ಡೈಕಾಮ್ ಫೈಲ್, ಅಂದರೆ ಎಕ್ಸ್‌ರೇ ಯಂತ್ರದ ಮೂಲ ಚಿತ್ರದ ಫೈಲ್ ಕೇಳಿ, ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ. ಒಂದೊಂದು ಚುಕ್ಕಿ ಡಿಟೆಕ್ಟರಿನ ಮೇಲೆ ಎಷ್ಟು ಮಿ.ಮೀ. ಎಂಬ ಮಾಹಿತಿ ಆ ಫೈಲಿನೊಳಗೇ ಇರುತ್ತದೆ. ಆದರೆ ಅದು ಡಿಟೆಕ್ಟರಿನ ಮೇಲಿನ ಅಳತೆ, ಮೂಳೆಯದ್ದಲ್ಲ. ಚೆಂಡಿಲ್ಲದ ಡೈಕಾಮ್ ಫೈಲ್ ಇಟ್ಟುಕೊಂಡು ಅಳೆದರೆ 50 ಇರುವುದು 58 ಎಂದೇ ಬರುತ್ತದೆ. ಎರಡೂ ಬೇಕು.

ಎಷ್ಟು ಸರಿ ಬಂದರೆ ಸರಿ

ಪ್ಲಾನಿನಲ್ಲಿ 52 ಬಂದು ಆಪರೇಷನ್ನಿನಲ್ಲಿ 50 ಅಥವಾ 54 ಹಾಕಿದರೆ ಪ್ಲಾನ್ ತಪ್ಪಾಯಿತು ಎಂದು ಗಾಬರಿಯಾಗಬೇಡಿ. ಒಂದು ಸೈಜ್ ಆಚೀಚೆ ಬಂದರೆ ಸರಿ ಬಂತು ಎಂದೇ ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ. ಅಧ್ಯಯನಗಳಲ್ಲಿ "ಇಷ್ಟು ನಿಖರ" ಎಂದು ದೊಡ್ಡ ಅಂಕಿ ಕಂಡರೆ ಅದು ಬಹುತೇಕ ಒಂದು ಸೈಜ್ ಆಚೀಚೆಯನ್ನೂ ಸೇರಿಸಿದ ಅಂಕಿ. ಅದೇ ಸೈಜ್ ಸರಿಯಾಗಿ ಸಿಕ್ಕ ಪ್ರಮಾಣ ಅದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಮೂಳೆ ಎಷ್ಟು ಗಟ್ಟಿ, ಎಷ್ಟು ಕೊರೆದರೆ ಹಿಡಿತ ಸಿಗುತ್ತದೆ ಎನ್ನುವುದು ಒಳಗೆ ಹೋದಮೇಲೆಯೇ ಗೊತ್ತಾಗುವುದು. ಡಾಕ್ಟರನ್ನು ಕೇಳಬೇಕಾದ್ದು ಬೇರೆ: "ಪ್ಲಾನ್ ಸೈಜಿನ ಆಚೀಚಿನ ಸೈಜುಗಳೂ ಅವತ್ತು ಥಿಯೇಟರಿನಲ್ಲಿ ಇರುತ್ತವಾ ಸಾರ್?" ಜಿಲ್ಲೆಗಳಲ್ಲಿ ಇಂಪ್ಲಾಂಟ್ ಸೆಟ್ ಹೊರಗಿನಿಂದ ತರಿಸುವುದು ಸಾಮಾನ್ಯ. ಇದನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಕಪ್ಪಿನ ಕೋನದ ಬಗ್ಗೆಯೂ ಜನ ಕೇಳುತ್ತಾರೆ. 1978ರಲ್ಲಿ ಲೆವಿನೆಕ್ ಮತ್ತು ಜೊತೆಗಾರರು ಒಂದು ಸುರಕ್ಷಿತ ಮಿತಿ ಹೇಳಿದರು: ಕಪ್ ಪಕ್ಕಕ್ಕೆ 40 ಡಿಗ್ರಿ, ಮುಂದಕ್ಕೆ 15 ಡಿಗ್ರಿ, ಎರಡಕ್ಕೂ 10 ಡಿಗ್ರಿ ಆಚೀಚೆ. ಇವತ್ತಿಗೂ ಇದು ಬಳಕೆಯಲ್ಲಿದೆ. ಆದರೆ ಆ ಮಿತಿಯೊಳಗಿದ್ದೂ ಕೀಲು ಜಾರಿದವರಿದ್ದಾರೆ. ಬೆನ್ನು ಗಟ್ಟಿಯಾಗಿರುವವರಲ್ಲಿ ಕೂತಾಗ ನಿಂತಾಗ ಸೊಂಟ ಬಾಗುವ ರೀತಿಯೇ ಬೇರೆ. ಅಂಥವರನ್ನು ಕೂರಿಸಿ ಒಂದು, ನಿಲ್ಲಿಸಿ ಒಂದು ಪಕ್ಕದ ಎಕ್ಸ್‌ರೇ ತೆಗೆಯಲು ಡಾಕ್ಟರ್ ಬರೆದಿದ್ದರೆ ಅದು ಸುಮ್ಮನೆ ಬರೆದದ್ದಲ್ಲ.

ಎಕ್ಸ್‌ರೇ ಸಾಲದ ಕೀಲುಗಳೂ ಇವೆ. ಮಲೆನಾಡಿನವರು ಇದನ್ನು ತಿಳಿದಿರಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕುಟುಂಬಗಳಲ್ಲಿ ವಂಶದಲ್ಲಿ ಹರಿದು ಬರುತ್ತದೆ. ಸೊಂಟದ ಕೀಲಿನ ಬೆಳವಣಿಗೆಯೇ ಸರಿ ಇರುವುದಿಲ್ಲ, ಎರಡೂ ಕಡೆ ಹಾಳಾಗುತ್ತದೆ. ಹೋಲಿಸಿ ನೋಡಲು ಚೆನ್ನಾಗಿರುವ ಕಡೆಯೇ ಇಲ್ಲ. ಇಂಥ ಕೀಲಿಗೆ, ಹುಟ್ಟಿನಿಂದಲೇ ಬಟ್ಟಲು ಆಳವಿಲ್ಲದವರಿಗೆ, ಹಳೇ ಮುರಿತ ಓರೆಯಾಗಿ ಕೂಡಿಕೊಂಡವರಿಗೆ ಸಿಟಿ ಸ್ಕ್ಯಾನಿನ ಮೇಲೆ ಮೂರು ಆಯಾಮದ ಪ್ಲಾನ್ ಮಾಡಿಸುವುದು ಒಳ್ಳೆಯದು. ಸಿಟಿಯಲ್ಲಿ ಹಿಗ್ಗುವ ತೊಂದರೆ ಇಲ್ಲ, ಚೆಂಡು ಬೇಡ, ಕತ್ತಿನ ತಿರುವು ನೇರವಾಗಿ ಅಳೆಯಬಹುದು. ಸೈಜ್ ಹೇಳುವುದರಲ್ಲೂ ಎಕ್ಸ್‌ರೇಗಿಂತ ಮುಂದು. ವಿಕಿರಣ ಜಾಸ್ತಿ, ಖರ್ಚೂ ಜಾಸ್ತಿ. ಮಾಮೂಲಿ ಸವೆತಕ್ಕೆ ಸರಿಯಾಗಿ ತೆಗೆದ ಎಕ್ಸ್‌ರೇ ಸಾಕು ಎಂಬುದು ನನ್ನ ಅಭಿಪ್ರಾಯ.

ಕಾಲಿನ ಉದ್ದದ ವಿಷಯದಲ್ಲಿ ಎಕ್ಸ್‌ರೇಯೊಂದನ್ನೇ ನಂಬಬೇಡಿ. ರೋಗಿಯನ್ನು ನಿಲ್ಲಿಸಿ, ಗಿಡ್ಡ ಅನಿಸುವ ಕಾಲಿನ ಕೆಳಗೆ ತೆಳು ಹಲಗೆಗಳನ್ನು ಒಂದೊಂದಾಗಿ ಇಟ್ಟು, ಯಾವಾಗ ಸಮ ಅನಿಸುತ್ತದೆ ಎಂದು ಅವರನ್ನೇ ಕೇಳುವ ಹಳೇ ಪದ್ಧತಿ ಇದೆ. ಡಾಕ್ಟರ್ ಇದನ್ನು ಮಾಡಿದರೆ ಸಮಯ ಕೊಡಿ, ಅವಸರ ಮಾಡಬೇಡಿ.

ನಿಮ್ಮ ಚೆಂಡು ಸರಿ ಇದೆಯಾ ಎಂದು ನೀವೇ ನೋಡಿಕೊಳ್ಳುವುದು

ಇದನ್ನು ನಾನು ಯಾರಿಂದಲೂ ಕಲಿಯಲಿಲ್ಲ, ಮಾಡುತ್ತಾ ಮಾಡುತ್ತಾ ದಾರಿ ಸಿಕ್ಕಿತು. ಆಪರೇಷನ್ ಆದವರು ಕೆಲವು ವಾರದ ನಂತರ ಮತ್ತೆ ಎಕ್ಸ್‌ರೇಗೆ ನಮ್ಮ ಹತ್ತಿರವೇ ಬರುತ್ತಾರೆ. ಬೆಂಗಳೂರಿಗೋ ಮಂಗಳೂರಿಗೋ ಪ್ರತಿ ಸಲ ಯಾರು ಹೋಗುತ್ತಾರೆ? ಅವರ ಡಿಸ್ಚಾರ್ಜ್ ಪೇಪರಿನಲ್ಲಿ ಇಂಪ್ಲಾಂಟಿನ ಸ್ಟಿಕ್ಕರ್‌ಗಳನ್ನು ಅಂಟಿಸಿರುತ್ತಾರೆ. ಕಪ್ ಎಷ್ಟು, ಸ್ಟೆಮ್ ಎಷ್ಟು, ಉಂಡೆ ಎಷ್ಟು ಎಲ್ಲಾ ಅದರಲ್ಲಿದೆ.

ಆ ಎಕ್ಸ್‌ರೇ ತೆಗೆಯುವಾಗಲೂ ಮೊದಲಿನ ಹಾಗೇ ಚೆಂಡು ಇಡಿ. ಇದಕ್ಕೆ ಹೆಚ್ಚಿನ ಎಕ್ಸ್‌ರೇ ಬೇಡ, ಬರೆದಿರುವುದರಲ್ಲೇ ಆಗುತ್ತದೆ. ಈಗ ಚಿತ್ರದಲ್ಲಿ ಎರಡು ಗುಂಡುಗಳಿವೆ: ನೀವು ಇಟ್ಟದ್ದು, ಕೀಲಿನೊಳಗೆ ಕೂತದ್ದು. ಉದಾಹರಣೆಗೆ ಉಂಡೆ 36 ಎಂದು ಸ್ಟಿಕ್ಕರ್ ಹೇಳುತ್ತದೆ, ಚಿತ್ರದಲ್ಲಿ 42.4 ಬಂತು, ಅಂದರೆ ಹಿಗ್ಗು ಶೇ. 118. ನಿಮ್ಮ ಚೆಂಡಿನ ಲೆಕ್ಕ 122 ತೋರಿಸಿದರೆ ಚೆಂಡು ಸುಮಾರು 3 ಸೆಂ.ಮೀ. ಮೇಲೆ ಇಟ್ಟಿದ್ದೀರಿ. 118ರ ಹತ್ತಿರ ಬಂದರೆ ನಿಮ್ಮ ಕೈ ಸರಿ ಇದೆ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಚೆಂಡಿನ ಹಿಗ್ಗು, ಉಂಡೆಯ ಹಿಗ್ಗು, ಪ್ಲಾನಿನ ಸೈಜ್ ಗೊತ್ತಾದರೆ ಅದು, ಹಾಕಿದ ಸೈಜ್. ರೋಗಿಯ ಹೆಸರು ಬರೆಯಬೇಡಿ, ನಂಬರ್ ಸಾಕು. ಇಪ್ಪತ್ತು ಮೂವತ್ತು ಜನರದ್ದು ಆದಮೇಲೆ ಕೂತು ನೋಡಿ. ಎಲ್ಲವೂ ಒಂದೇ ಕಡೆ ತಪ್ಪಿದ್ದರೆ, ಅಂದರೆ ಪ್ಲಾನ್ ಯಾವಾಗಲೂ ದೊಡ್ಡದೇ ಬರುತ್ತಿದ್ದರೆ, ಸ್ಟ್ಯಾಂಡ್ ತಗ್ಗಿದೆ ಅಥವಾ ಚೆಂಡಿನ ನಿಜ ಅಳತೆ ನೀವು ಹೇಳಿದ್ದಕ್ಕಿಂತ ಚಿಕ್ಕದು. ಇದು ಸುಲಭದ ರೋಗ, ಒಂದು ಸಲ ಸರಿಪಡಿಸಿದರೆ ಮುಗಿಯಿತು. ಒಮ್ಮೆ ದೊಡ್ಡದು ಒಮ್ಮೆ ಚಿಕ್ಕದು ಎಂದು ಎರಡೂ ಕಡೆ ಚೆದುರಿದ್ದರೆ ಪ್ರತಿ ಸಲ ಎತ್ತರ ಅಳೆಯದೆ ಕಣ್ಣಂದಾಜಿನಲ್ಲಿ ಇಡುತ್ತಿದ್ದೀರಿ, ಅಥವಾ ಬೇರೆ ಶಿಫ್ಟಿನವರು ಬೇರೆ ರೀತಿ ಇಡುತ್ತಿದ್ದಾರೆ. ನಮ್ಮಲ್ಲಿ ಎರಡನೆಯದೇ ಆಗಿತ್ತು. ರಾತ್ರಿ ಪಾಳಿಯ ಹುಡುಗನನ್ನು ಕೂರಿಸಿಕೊಂಡು ಟ್ರೊಕ್ಯಾಂಟರ್ ಹುಡುಕುವುದನ್ನು ನನ್ನ ಮೈಮೇಲೇ ತೋರಿಸಿದೆ, ಅವನೂ ಎರಡು ದಿನದಲ್ಲಿ ಕಲಿತ.

ಆಲೂರಿನ ಅಜ್ಜಿಯ ಕಾಲು ಅವತ್ತು ಐದು ಡಿಗ್ರಿಗಿಂತ ಜಾಸ್ತಿ ತಿರುಗಲಿಲ್ಲ. ಎಡಗಾಲು ಪೂರ್ತಿ ತಿರುಗಿತು. ಟೇಬಲ್ಲಿನಿಂದ ಟ್ರೊಕ್ಯಾಂಟರಿಗೆ ಎತ್ತರ 9 ಸೆಂ.ಮೀ. ಬಂತು. ಚೀಟಿಯಲ್ಲಿ ಬರೆದೆ: ಚೆಂಡು 25.0, ಎರಡು ತೊಡೆ ನಡುವೆ, ಬಲಗಾಲು ಒಳಕ್ಕೆ ತಿರುಗುವುದಿಲ್ಲ, ಎಡಗಾಲು ಸರಿ. ಸಿಡಿಯ ಜೊತೆ ಪಿನ್ ಮಾಡಿ ಮಗನ ಕೈಗೆ ಕೊಟ್ಟೆ. ಆಪರೇಷನ್ ಆದಮೇಲೆ ಸ್ಟಿಕ್ಕರ್ ಇರುವ ಪೇಪರನ್ನು ಮರೆಯದೆ ತನ್ನಿ ಎಂದು ಹೇಳಿ ಕಳಿಸಿದ್ದೇನೆ.